ಮೂರನೇ ಕಟ್ಟೆಯಿಂದ ಹದಿನೇಳಕ್ಕೆ

ಕೋಟದ ಹಳೆಯ ಮೀನು ಮಾರ್ಕೆಟ್ಟಿನಲ್ಲಿ ಬಾಗಿಲಿನಿಂದ ಮೂರನೆಯ ಕಟ್ಟೆ ವನಜಳದು. ಆ ಕಟ್ಟೆಯ ಮೇಲೆ ಬೇರೆ ಯಾರು ಕೂತರೂ ಎದುರಿಗೆ ಹೆದ್ದಾರಿ, ಬಸ್ ನಿಲ್ದಾಣ, ರಸ್ತೆಯಾಚೆ ರತ್ನಾಕರ ಶೆಟ್ಟರ ಹೋಟೆಲು, ಹೋಟೆಲಿನ ಮಾಳಿಗೆಯ ಮೇಲಿದ್ದ ಕಂಪ್ಯೂಟರ್ ಟೈಪಿಂಗ್ ಅಂಗಡಿ, ಇಷ್ಟು ಕಾಣುತ್ತಿತ್ತು. ವನಜ ಕೂತರೆ ಬಡಗಿನಲ್ಲಿ ಬೈಂದೂರಿನವರೆಗೆ, ತೆಂಕಿನಲ್ಲಿ ಬ್ರಹ್ಮಾವರದವರೆಗೆ ಕಾಣುತ್ತಿತ್ತು. ಯಾವ ಮನೆಯ ಗಂಡಸು ಯಾವ ಬಸ್ಸಿನಿಂದ ಇಳಿದ, ಇಳಿದವನು ಮನೆಯ ದಾರಿ ಹಿಡಿದನೋ ಬೇರೆ ದಾರಿಯೋ, ಅವನ ಕೈಚೀಲ ಹೋಗುವಾಗ ಎಷ್ಟು ದಪ್ಪ ಇತ್ತು, ಬರುವಾಗ ಎಷ್ಟು, ಎಲ್ಲ ಅವಳ ಲೆಕ್ಕದಲ್ಲಿತ್ತು. ಒಬ್ಬ ಮೇಷ್ಟ್ರು ತಲೆನೋವೆಂದು ರಜೆ ಹಾಕಿ ಕುಂದಾಪುರಕ್ಕೆ ಸಿನಿಮಾಕ್ಕೆ ಹೋದಾಗ, ಅವರು ಟಿಕೇಟು ಕೊಳ್ಳುವ ಮೊದಲೇ ಅವರ ಹೆಡ್‌ಮಾಸ್ತರರ ಮನೆಗೆ ಬಂಗುಡೆಯ ಜೊತೆ ಆ ಸುದ್ದಿಯೂ ತಲುಪಿತ್ತು. ಮೂವತ್ತೊಂದು ವರ್ಷ ಒಂದೇ ಜಾಗದಲ್ಲಿ ಕೂತು ಕೂತು ಕಲ್ಲಿನಲ್ಲಿ ಅವಳ ಆಕಾರದ ಗುಂಡಿ ಬಿದ್ದಿತ್ತು. ಮಳೆಗಾಲದಲ್ಲಿ ಅದರಲ್ಲಿ ನೀರು ನಿಂತು ಕಪ್ಪೆಗಳು ಸಂಸಾರ ಹೂಡುತ್ತಿದ್ದವು. ಸುಳ್ಳೆನ್ನುವವರಿಗೆ ಕಪ್ಪೆಗಳನ್ನು ಕಣ್ಣಾರೆ ಕಂಡವರನ್ನು ಈಗಲೂ ತೋರಿಸಬಹುದು.

ಅವಳ ದನಿಯೂ ಕಣ್ಣಿಗಿಂತ ಕಡಿಮೆಯದಲ್ಲ. ಬಂಗುಡೆ ಎಂದು ಒಮ್ಮೆ ಕೂಗಿದರೆ ಹಂಗಾರಕಟ್ಟೆಯ ಅಳಿವೆಯಲ್ಲಿ ದೋಣಿಗಳು ಮೂತಿ ತಿರುಗಿಸುತ್ತಿದ್ದವು.

ಎರಡು ಸಾವಿರದ ನಾಲ್ಕರಲ್ಲಿ ಹಳೆಯ ಮಾರ್ಕೆಟ್ಟನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿದರು. ಎಂಟು ತಿಂಗಳು ಮೀನಿನ ಹೆಂಗಸರೆಲ್ಲ ರಸ್ತೆಯ ಬದಿಯ ಪಾಗಾರದ ಗೋಡೆಯ ಬುಡದಲ್ಲಿ ಸಿಕ್ಕಿದಲ್ಲಿ ಕೂತು ವ್ಯಾಪಾರ ಮಾಡಿದರು. ಹೊಸ ಕಟ್ಟಡದಲ್ಲಿ ಇಪ್ಪತ್ತೆರಡು ಕಟ್ಟೆ, ಬಿಳಿ ಹಾಸುಕಲ್ಲು, ಒಂದೊಂದಕ್ಕೂ ನಂಬರು. ಯಾರ ಕಟ್ಟೆ ಯಾವುದೆಂದು ಸಂಘದವರು ಪಟ್ಟಿ ಮಾಡಿ ಪಂಚಾಯತಿಗೆ ಕೊಡಬೇಕು. ಒಮ್ಮೆ ಕೊಟ್ಟ ಮೇಲೆ ಮುಗಿಯಿತು; ಸಾಯುವವರೆಗೆ ಆ ಕಟ್ಟೆ ಅವಳದು, ಅವಳ ನಂತರ ಅವಳ ಸೊಸೆಯದು. ಸೋಮವಾರದ ಸಭೆಯಲ್ಲಿ, ಹಳೆಯ ಮಾರ್ಕೆಟ್ಟಿನ ಸಾಲಿನಂತೆಯೇ ಇರಲಿ ಎಂದು ಎಲ್ಲರೂ ತಲೆ ಆಡಿಸಿದ್ದರು. ಸಂಘದ ಕಾರ್ಯದರ್ಶಿ ಮಂಜಯ್ಯ ಅಂದೇ ಕೈಯಲ್ಲಿ ಬರೆದು ಟೈಪಿಗೆ ಕೊಟ್ಟಿದ್ದ. ಮಂಜಯ್ಯ ನಿವೃತ್ತ ಅಂಚೆಯವನು. ಇಪ್ಪತ್ತೆರಡು ಹೆಂಗಸರ ಸಂಘದಲ್ಲಿ ಇದ್ದ ಒಬ್ಬನೇ ಗಂಡಸು, ಅವನ ರುಜು ಚೆಂದ ಎಂಬ ಕಾರಣಕ್ಕೆ ಇದ್ದವನು.

ಶುಕ್ರವಾರ ಬೆಳಿಗ್ಗೆ ಹೊಸ ಮಾರ್ಕೆಟ್ಟಿನ ಗೋಡೆಗೆ ಪಟ್ಟಿ ಅಂಟಿತು. ಮೇಲೆ ದೋಣಿಯ ಚಿತ್ರದ ಲಾಂಛನ, ಕೆಳಗೆ ಮಂಜಯ್ಯನ ಚೆಂದದ ರುಜು. ವನಜಳಿಗೆ ಓದಲು ಬರುತ್ತಿದ್ದುದು ಅಂಕಿಗಳು ಮತ್ತು ತನ್ನ ಹೆಸರು ಮಾತ್ರ. ಅಷ್ಟೇ ಸಾಕಾಯಿತು. ಮೂರರ ಎದುರು ಬೇರೆ ಏನೋ ಇತ್ತು. ಅವಳ ಹೆಸರು ಹದಿನೇಳರ ಎದುರು ಇತ್ತು. ಹದಿನೇಳು ಎಂದರೆ ಒಳಗಿನ ಮೂಲೆ, ಆನೆ ಅಡಗಬಹುದಾದ ಒಂದು ಕಂಬದ ಹಿಂದೆ.

"ಹ್ವಾಯ್ ಮಂಜಯ್ಯ, ಇದ್ ಎಂತ?"

"ಎಂತ ಅಂದ್ರೆ? ಪಟ್ಟಿ."

"ಪಟ್ಟಿ ಅಂತ ನಂಗೂ ಗೊತ್ತಿತ್ತ್. ನನ್ ಹೆಸ್ರ್ ಹದಿನೇಳ್ರಲ್ಲ್ ಹ್ಯಾಂಗೆ ಬಂತ್?"

ಮಂಜಯ್ಯ ಕನ್ನಡಕ ಏರಿಸಿ ಪಟ್ಟಿಯನ್ನು ಮೊದಲ ಬಾರಿಗೆ ನೋಡುವವನಂತೆ ನೋಡಿದ. "ಸಭೆಯಲ್ಲ್ ಮಾತಾಡಿದ್ದ್ ಹಂಗೇ ಇರ್ಕ್."

"ಹಂಗಲ್ಲ. ಮೂರ್ ನಂದ್. ನಮ್ಮತ್ತೆ ಕೂಕಂತಿದ್ದ ಜಾಗ."

"ಸಾಕ್ಷಿ ಎಂತ ಇತ್ತ್?"

ವನಜ ಸುತ್ತ ನೋಡಿದಳು. ಇಪ್ಪತ್ತೊಂದು ಹೆಂಗಸರು ನಿಂತಿದ್ದರು. ಮೂರನೇ ಕಟ್ಟೆ ಯಾರದೆಂದು ಆ ಇಪ್ಪತ್ತೊಂದು ಮಂದಿಗೂ ಗೊತ್ತಿತ್ತು, ಗಂಗೊಳ್ಳಿಯ ಬೆಕ್ಕುಗಳಿಗೂ ಗೊತ್ತಿತ್ತು. ಆದರೆ ಆ ಗಳಿಗೆಯಲ್ಲಿ ಎಲ್ಲರಿಗೂ ತಮ್ಮ ಬುಟ್ಟಿಯ ಮೀನಿನ ಮೇಲೆ ಎಲ್ಲಿಲ್ಲದ ಕಾಳಜಿ ಬಂತು. ಒಬ್ಬಳು ಬಂಗುಡೆಯ ಕಣ್ಣು ಒರೆಸಿದಳು. ಇನ್ನೊಬ್ಬಳು ಕಾಣೆಮೀನನ್ನು ಉದ್ದಕ್ಕೆ ಜೋಡಿಸಿ, ಅಡ್ಡಕ್ಕೆ ಜೋಡಿಸಿ, ಮತ್ತೆ ಉದ್ದಕ್ಕೆ ಜೋಡಿಸಿದಳು. ವನಜ ಕಂಬದ ಹಿಂದೆ ಹೋದರೆ ತಮ್ಮ ಮನೆಯ ಸುದ್ದಿಯೂ ಕಂಬದ ಹಿಂದೆ ಹೋಗುತ್ತದೆ ಎಂಬ ನೆಮ್ಮದಿ ಒಬ್ಬೊಬ್ಬರ ಮುಖದಲ್ಲೂ ಇತ್ತು.

ಮೂರಕ್ಕೆ ಬಂದವಳು ಹದಿನೇಳರ ಮುತ್ತಕ್ಕ. "ನಂಗೆಂತ ಗೊತ್ತಿತ್ತ್ ವನಜಕ್ಕ," ಎಂದಳು, ನೆಲ ನೋಡುತ್ತ. "ಕೊಟ್ಟಲ್ಲ್ ಕೂಕಂತೆ."

"ನೀವ್ ಕೈಯಲ್ಲ್ ಬರ್ದ ಹಾಳಿ ಎಲ್ಲಿತ್ತ್?" ವನಜ ಮಂಜಯ್ಯನನ್ನು ಬಿಡಲಿಲ್ಲ.

"ಟೈಪಿಗೆ ಕೊಟ್ಟದ್ದ್ ವಾಪಾಸ್ ಯಾರ್ ತಕಂತ್ರ್? ನಾಳೆ ನಾಲ್ಕ್ ಗಂಟೆಗೆ ನಾ ಪಂಚಾಯತಿಗೆ ಕೊಡ್ಕ್. ಅದ್ರೊಳ್ಗೆ ಸಾಕ್ಷಿ ತಾ, ಕಾಂಬ."

ಹನ್ನೊಂದೂವರೆಗೆ ಗಂಡ ಗುಡ್ಡ ಗಂಜಿಯ ಕ್ಯಾರಿಯರ್ ಹಿಡಿದು ಬಂದ. ಗುಡ್ಡ ಒಂದು ಕಾಲದಲ್ಲಿ ತಾಂಡೇಲ, ಎಂದರೆ ದೋಣಿಯ ಯಜಮಾನಿಕೆ ಅವನದು. ಅವನು ಮೂಗೆತ್ತಿ ಗಾಳಿ ಮೂಸಿದರೆ ಮೀನುಗಳು ತಾವಾಗಿಯೇ ಸಾಲುಗಟ್ಟಿ ಬಲೆಗೆ ಬರುತ್ತಿದ್ದವಂತೆ. ಸಕ್ಕರೆ ಕಾಯಿಲೆಯಿಂದ ಎಡಗಾಲಿನ ಒಂದು ಬೆರಳು ಹೋದ ಮೇಲೆ ದೋಣಿ ಬಿಟ್ಟಿದ್ದ. ಬ್ರಹ್ಮಾವರದ ಡಾಕ್ಟರು, ಸಿಹಿ ಮುಟ್ಟಿದರೆ ಮುಂದಿನ ಸಲ ಬೆರಳಲ್ಲ, ಪಾದ ಎಂದು ಹೇಳಿದ್ದರು. ಅಂದಿನಿಂದ ವನಜ ಅವನ ಬಾಯನ್ನು ಊರಿನ ಎಲ್ಲ ಬಸ್ಸುಗಳಿಗಿಂತ ಹೆಚ್ಚು ಕಾದಿದ್ದಳು.

ಕಟ್ಟೆಯ ಸುದ್ದಿ ಕೇಳಿ ಗುಡ್ಡನಿಗೆ ಅವಳಿಗಿಂತ ಹೆಚ್ಚು ಸಿಟ್ಟು ಬಂತು. "ಮುತ್ತಕ್ಕನೇ ಇರ್ಕ್," ಎಂದ.

"ಅವ್ಳಿಗೆ ಅಷ್ಟ್ ತಲೆ ಇಲ್ಲೆ."

"ಹಂಗಾರೆ ಮಂಜಯ್ಯ. ಅವ ಪೋಸ್ಟ್ ಕಾರ್ಡ್ ಓದಿ ಕೊಡ್ತಿದ್ದ ಅಂತ ನೀ ಊರಿಡೀ ಹೇಳ್ಲಿಲ್ಯಾ?"

ವನಜ ಯೋಚಿಸುತ್ತ ಗಂಜಿಯ ತಟ್ಟೆ ಹಿಡಿದು ಪಾಗಾರದ ಕಡೆ ತಿರುಗಿ ಕೂತಳು. ಮೀನಿಗೆ ಮುಖ ಮಾಡಿ ಉಣ್ಣಬಾರದು, ಉಂಡರೆ ಅಂದಿನ ವ್ಯಾಪಾರ ಬೀಳುತ್ತದೆ. ಅವಳ ಅತ್ತೆಯೂ ಹೀಗೆಯೇ ಉಣ್ಣುತ್ತಿದ್ದಳು. ದಿನಕ್ಕೆ ಹದಿನೈದು ನಿಮಿಷ ವನಜ ಲೋಕಕ್ಕೆ ಬೆನ್ನು ಹಾಕುತ್ತಿದ್ದಳು, ಲೋಕ ಆ ಹದಿನೈದು ನಿಮಿಷ ಸುಧಾರಿಸಿಕೊಳ್ಳುತ್ತಿತ್ತು.

"ಉಣ್ಣ್ ನೀ. ನಾ ಸ್ವಲ್ಪ ಕಾಲಾಡ್ಸಿ ಬತ್ತೆ," ಎಂದು ಗುಡ್ಡ ಹೋದ.

ಉಂಡು ಮುಗಿಯುವಷ್ಟರಲ್ಲಿ ವನಜ ಇನ್ನೂರ ಹನ್ನೊಂದು ಮಂದಿಯ ಮೇಲೆ ಸಂಶಯ ಪಟ್ಟಿದ್ದಳು. ಸಿನಿಮಾದ ಮೇಷ್ಟ್ರು ಅದರಲ್ಲಿದ್ದರು. ತಮ್ಮ ಅಡುಗೆಯ ಮೀನು ಎಷ್ಟು ದಿನದ್ದೆಂದು ಅವಳು ಗಿರಾಕಿಗಳಿಗೆಲ್ಲ ಹೇಳಿಬಿಟ್ಟಿದ್ದ ಹೋಟೆಲಿನ ರತ್ನಾಕರ ಶೆಟ್ಟರಿದ್ದರು. ಬಸ್ಸಿನಲ್ಲಿ ಮುಂದಿನ ಬಾಗಿಲಿನಿಂದ ಹತ್ತಿ ಹಿಂದಿನ ಬಾಗಿಲಿನಿಂದ ಇಳಿಯುತ್ತಿದ್ದ ಒಬ್ಬ ಗುಮಾಸ್ತನಿದ್ದ. ಅವರೆಲ್ಲರಿಗೂ ಕಾರಣವಿತ್ತು. ಸಾಕ್ಷಿ ಒಂದೂ ಇರಲಿಲ್ಲ. ಸಾಕ್ಷಿ ಇದ್ದರೆ ಮಾಳಿಗೆಯ ಮೇಲೆ ಇರಬೇಕು.

ಮಾಳಿಗೆಯ ಟೈಪಿಂಗ್ ಅಂಗಡಿಯಲ್ಲಿ ಇದ್ದವಳು ಪೂಜಿತಾ, ಹಟ್ಟಿಯಂಗಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಬೆರಳು ಎಷ್ಟು ಚುರುಕೆಂದರೆ, ಅವಳು ಮದುವೆ ಕಾಗದ ಟೈಪು ಮಾಡಿದರೆ ಮದುಮಕ್ಕಳು ಒಪ್ಪುವ ಮೊದಲೇ ಕಾಗದ ಮುಗಿದಿರುತ್ತಿತ್ತು.

"ಸೋಮವಾರ ಮಂಜಯ್ಯ ಕೊಟ್ಟ ಹಾಳಿ ಎಲ್ಲಿತ್ತ್ ಹೆಣ್ಣೇ?"

"ಅದ್ರಲ್ಲ್ ಗೋಳಿಬಜೆ ಎಣ್ಣೆ ಒರ್ಸಿದೆ ವನಜಕ್ಕ. ಟೈಪ್ ಆಯ್ತಲ್ದಾ."

"ಅದ್ರಲ್ಲಿ ನನ್ ಹೆಸ್ರ್ ಎಷ್ಟ್ರಲ್ಲಿತ್ತ್?"

ಪೂಜಿತಾ ತಲೆ ಕೆರೆದುಕೊಂಡಳು. ದಿನಕ್ಕೆ ಐವತ್ತು ಕಾಗದ ಅವಳ ಕೈಯಲ್ಲಿ ಹೋಗುತ್ತಿದ್ದವು. "ನೆಂಪಿಲ್ಲೆ ಅಕ್ಕ. ಆಮೇಲ್ ತಿದ್ದುಕೆ ಚೀಟಿ ಬಂತ್. ಚೀಟಿಯಲ್ಲಿ ಇದ್ದಾಂಗೆ ತಿದ್ದಿ, ಅದ್ರ ಮೇಲೇ ಸೇವ್ ಮಾಡ್ದೆ. ಹಳೇದ್ ಹೋಯ್ತ್."

"ಚೀಟಿ ತಂದದ್ದ್ ಯಾರ್?"

"ಬುಟ್ಟಿಯಲ್ಲ್ ಬಂತ್. ಚಹಾದೊಟ್ಟಿಗೆ."

ಪೂಜಿತಾ ಕಿಟಕಿ ತೋರಿಸಿದಳು. ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿಯೊಂದು ಕೆಳಗೆ ಹೋಟೆಲಿನ ಜಗಲಿಗೆ ಇಳಿದಿತ್ತು. ಹೋಟೆಲಿನವರು ಅದರಲ್ಲಿ ಚಹಾ ಇಟ್ಟು ಗಂಟೆ ಬಾರಿಸಿದರೆ ಅವಳು ಮೇಲೆಳೆದುಕೊಳ್ಳುವುದು. ಮೆಟ್ಟಿಲು ಹತ್ತಲು ಸೋಮಾರಿತನವಿರುವ ಕೋಟದ ಗಣ್ಯರೆಲ್ಲ ತಮ್ಮ ತಿದ್ದುಪಡಿಗಳನ್ನು ಆ ಬುಟ್ಟಿಯಲ್ಲೇ ಹಾಕುತ್ತಿದ್ದರು. ಮಂಜಯ್ಯನೂ ಹಾಕುತ್ತಿದ್ದ.

"ಮಂಜಯ್ಯನವ್ರೇ ಕಳ್ಸಿದ್ದ್ ಅಂತ ನಾ ಗ್ರಹಿಸ್ದೆ," ಎಂದಳು ಪೂಜಿತಾ. ಅವಳ ಕಿವಿ ಕೆಂಪಾಗಿತ್ತು. ಆ ಕೆಂಪಿನ ಮೇಲೂ ವನಜಳಿಗೆ ಸಂಶಯ ಬಂತು.

ಆಗಲೇ ಕಂಪ್ಯೂಟರು ಟಣ್ಣೆಂದಿತು. ಪಂಚಾಯತಿಯವರು ಪಟ್ಟಿಯನ್ನು ಫ್ಲಾಪಿಯಲ್ಲೂ ಕೇಳಿದ್ದರು. ಬೆಳಿಗ್ಗೆಯಿಂದ ಪೂಜಿತಾ ಅದನ್ನು ಫ್ಲಾಪಿಗೆ ಹಾಕಲು ನೋಡುತ್ತಿದ್ದಳು, ಅದು ಜಾಗ ಸಾಲದು ಎನ್ನುತ್ತಿತ್ತು. ಮೂರನೇ ಫ್ಲಾಪಿಯೂ ಹಾಗೆಯೇ ಅಂದಿತು. ಅದನ್ನೇ ನೋಡಲು ಕುಂದಾಪುರದಿಂದ ಪ್ರೇಮಾನಂದನನ್ನು ಕರೆಸಿದ್ದಳು. ಅವನು ಮೆಟ್ಟಿಲು ಹತ್ತಿ ಬಂದ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಆಗ ಇದ್ದ ಕಂಪ್ಯೂಟರುಗಳೆಲ್ಲ ಅವನು ಜೋಡಿಸಿದವು. ಹೆಲ್ಮೆಟ್ ತೆಗೆಯದೆ, ಬರೀ ಹೊಗೆಯ ವಾಸನೆಯಲ್ಲೇ ಯಾವ ಭಾಗ ಸುಟ್ಟಿದೆ ಎಂದು ಹೇಳುವ ಗಟ್ಟಿಗ.

"ಫ್ಲಾಪಿ ಹಾಳಾಯ್ತ್ ಅಷ್ಟೇ. ಬೇರೆ ಹಾಕ್," ಎಂದ ಪ್ರೇಮಾನಂದ.

"ಇದ್ರ ಮೇಲೆ ಬೇರೆಲ್ಲ ಹಿಡಿತಿತ್ತ್ ಅಣ್ಣ. ನಲ್ವತ್ತ್ ಪುಟದ ಪುಸ್ತಕ ಹಿಡ್ದಿತ್ತ್. ಈ ಒಂದ್ ಹಾಳಿ ಹಿಡಿತಿಲ್ಲೆ."

ವನಜ ಬಾಗಿಲಿನತ್ತ ತಿರುಗಿದ್ದವಳು ನಿಂತಳು.

"ಎಂತ ಅಂದೆ? ನಲ್ವತ್ತ್ ಪುಟಕ್ಕಿಂತ ಈ ಒಂದ್ ಹಾಳಿ ಭಾರವಾ?"

"ಹಾಂಗೇ ಅಲ್ಲ ವನಜಕ್ಕ, ಅದ್ ಕಂಪ್ಯೂಟರಿನ ಲೆಕ್ಕ..." ಎಂದ ಪ್ರೇಮಾನಂದ.

"ಲೆಕ್ಕ ಯಾವ್ದಾರೂ ಭಾರ ಭಾರವೇ. ಕಂಡದ್ದಕ್ಕಿಂತ ಮೀನ್ ತೂಗಿದ್ರೆ ಅದ್ರ ಹೊಟ್ಟೆಯಲ್ಲ್ ಎಂತೋ ಇತ್ತ್ ಅಂತ. ಒಂದಾ ಮೊಟ್ಟೆ, ಇಲ್ದಿರೆ ಮಾರುವವ ತುರ್ಕಿದ ಕಲ್ಲ್. ಇದ್ರ ಹೊಟ್ಟೆ ಕೊಯ್ದ್ ಕಾಣ್."

ಪ್ರೇಮಾನಂದ ಕೂತ. ಫೈಲಿನ ತೂಕ ನೋಡಿದ. ಹುಬ್ಬು ಮೇಲೆ ಹೋಯಿತು. ಇಪ್ಪತ್ತೆರಡು ಹೆಸರಿಗೆ ಅಷ್ಟು ತೂಕವನ್ನು ಅವನು ಕಂಡಿರಲಿಲ್ಲ. ಆಮೇಲೆ ನೆನಪಾಗಿ ಹಣೆ ಬಡಿದುಕೊಂಡ. ಸೋಮವಾರ ದೋಣಿಯ ಲಾಂಛನ ನೆಟ್ಟಗೆ ಕೂರುತ್ತಿಲ್ಲವೆಂದು ಪೂಜಿತಾ ಕರೆದಿದ್ದಳು. ಕೂರಿಸಿ ಹೋಗುವಾಗ, ಈ ಫೈಲನ್ನು ಮುಚ್ಚಿದಾಗಲೆಲ್ಲ ಹಿಂದಿನದನ್ನೂ ಒಳಗೇ ಇಟ್ಟುಕೋ ಎನ್ನುವ ಒಂದು ಚೌಕಕ್ಕೆ ಅವನೇ ಗುರುತು ಹಾಕಿದ್ದ. ಮತ್ತೆ ಚಿತ್ರ ಕೆಟ್ಟರೆ ಇರಲಿ ಎಂದು. ಹೇಳಲು ಮರೆತಿದ್ದ.

"ಹಳೇದ್ ಹೋಗ್ಲಿಲ್ಲೆ ವನಜಕ್ಕ," ಎಂದ. "ಒಳ್ಗೇ ಇತ್ತ್. ಚಿತ್ರ ಸಮೇತ, ಒಂದ್ರ ಮೇಲೊಂದ್."

ಮೆನು ಇಳಿಸಿ ವರ್ಶನ್ಸ್ ಎಂಬಲ್ಲಿ ಒತ್ತಿದ. ಪರದೆಯ ಮೇಲೆ ಒಂದು ಸಣ್ಣ ಕಿಟಕಿ ತೆರೆಯಿತು. ಅದರಲ್ಲಿ ನಾಲ್ಕು ಸಾಲು. ಒಂದೊಂದು ಸಾಲಿನಲ್ಲೂ ದಿನ, ಗಂಟೆ, ಸೇವ್ ಮಾಡಿದವರ ಹೆಸರು.

"ಹೆಸ್ರೂ ಹೇಳ್ತಾ ಅದ್?" ವನಜಳ ಕಣ್ಣು ಬಂಗುಡೆಯ ಕಣ್ಣಿನಷ್ಟು ದೊಡ್ಡದಾಯಿತು. "ಯಾರಂಬ್ರ್?"

ಪೂಜಿತಾ ಓದಿದಳು. "ಪ್ರೇಮಾನಂದ. ಪ್ರೇಮಾನಂದ. ಪ್ರೇಮಾನಂದ. ಪ್ರೇಮಾನಂದ."

ಆಮೇಲೆ ನಡೆದದ್ದನ್ನು ಕೋಟದಲ್ಲಿ ಹನ್ನೆರಡು ಬಗೆಯಲ್ಲಿ ಹೇಳುತ್ತಾರೆ. ಪ್ರೇಮಾನಂದನ ಅಂಗಿಯ ಕಾಲರು ವನಜಳ ಮುಷ್ಟಿಯಲ್ಲಿತ್ತು, ಅವನ ಕಾಲು ನೆಲದಿಂದ ಒಂದು ಗೇಣು ಮೇಲಿತ್ತು ಎಂಬಷ್ಟರಲ್ಲಿ ಹನ್ನೆರಡೂ ಒಪ್ಪುತ್ತವೆ.

"ನಿಂಗೆ ನಾ ಎಂತ ಮಾಡಿದ್ದೆ? ಕಳ್ದ ವಾರ ಅಂಜಲ್ ಮೀನ್ ಕಡಿಮೆಗೆ ಕೊಡ್ಲಿಲ್ಯಾ?"

"ಬಿಡಿ ವನಜಕ್ಕ, ಉಸಿರ್... ಒಂದೇ ಸಿಡಿಯಲ್ಲ್ ಎಲ್ಲ ಕಂಪ್ಯೂಟರಿಗೆ ಪ್ರೋಗ್ರಾಮ್ ಹಾಕಿದ್ದೆ. ಹಾಕುವಾಗ ಅದ್ ಹೆಸ್ರ್ ಕೇಳ್ತ್, ನನ್ ಹೆಸ್ರೇ ಕೊಟ್ಟೆ. ಬೈಂದೂರಲ್ಲ್ ಯಾರ್ ಟೈಪ್ ಮಾಡಿದ್ರೂ ಪ್ರೇಮಾನಂದನೇ. ನಿಮ್ಮ ಮಗಳ ಮದಿ ಕಾಗ್ದವೂ ಪ್ರೇಮಾನಂದನೇ ಮಾಡಿದ್ದ್ ಅಂತ ಇರ್ತ್."

ಕಾಲರು ಬಿಟ್ಟರೂ ಆ ದಿನವಿಡೀ ವನಜ ಅವನಿಗೆ ಬೆನ್ನು ಕೊಡಲಿಲ್ಲ.

ನಾಲ್ಕನ್ನೂ ಒಂದೊಂದಾಗಿ ತೆರೆದು ಪ್ರಿಂಟು ತೆಗೆದರು. ಸೋಮವಾರ ಸಂಜೆಯ ಪಟ್ಟಿಯಲ್ಲಿ ವನಜ ಮೂರರಲ್ಲಿದ್ದಳು. ಮಂಗಳವಾರ ಹನ್ನೊಂದು ನಲವತ್ತನಾಲ್ಕಕ್ಕೆ ಒಂಬತ್ತಕ್ಕೆ ಹೋಗಿದ್ದಳು. ಬುಧವಾರ ಹನ್ನೊಂದು ನಲವತ್ತೊಂದಕ್ಕೆ ಹದಿನಾಲ್ಕಕ್ಕೆ. ಗುರುವಾರ ಹನ್ನೊಂದು ನಲವತ್ತಾರಕ್ಕೆ ಹದಿನೇಳಕ್ಕೆ. ಒಂಬತ್ತರವಳೂ ಹದಿನಾಲ್ಕರವಳೂ ಒಂದೊಂದು ದಿನ ಮೂರರ ರಾಣಿಯರಾಗಿ, ತಮಗೇ ಗೊತ್ತಿಲ್ಲದೆ ಕೆಳಗಿಳಿದಿದ್ದರು. ಮೂರು ದಿನ, ಮೂರು ಚೀಟಿ. ತನ್ನ ಹೆಸರು ಹಾಳೆಯಿಂದ ಹಾಳೆಗೆ ಒಳಗೊಳಗೆ ಸರಿದದ್ದನ್ನು ನೋಡಿ ವನಜಳಿಗೆ, ನಿದ್ದೆಯಲ್ಲಿ ಯಾರೋ ತನ್ನ ಚಾಪೆಯನ್ನು ಎಳೆದಂತಾಯಿತು.

ಸಂಜೆ ನಾಲ್ಕೂ ಹಾಳೆಗಳನ್ನು ಮಂಜಯ್ಯನ ಮುಂದೆ ಹರಡಿದಳು. ಅವನು ನೋಡಿದ. ಚೀಟಿಯ ಕತೆ ಕೇಳಿದ. ಮುಖ ಗಂಟಿಕ್ಕಿತು.

"ನಾ ಒಂದೂ ಚೀಟಿ ಬರೀಲಿಲ್ಲೆ. ನನ್ ಹೆಸ್ರಲ್ಲ್ ಬರ್ದದ್ದ್ ಯಾರ್?"

"ಅದ್ ಗೊತ್ತಿಲ್ಲೆ. ಸೋಮವಾರದ್ದ್ ಕಾಣಿ, ಮೂರ್ ನಂದ್ ಅಂತ ಇತ್ತಲ್ದಾ."

"ನಾಕ್ ಹಾಳಿ ತಂದೆ. ನಾಕಕ್ಕೂ ಹೆಸ್ರ್ ಪ್ರೇಮಾನಂದನದ್. ಸೋಮವಾರದ್ದೇ ಸತ್ಯ ಅಂಬುದ್ ಹ್ಯಾಂಗೆ? ಚೀಟಿ ನೀನೇ ಕಳ್ಸಿ ಈಗ ಬೊಬ್ಬೆ ಹಾಕುದೂ ಇರ್ಲಕ್ಕ್." ಅಂಚೆಯವನ ಮಾನ ಅವನಿಗೆ ನೆನಪಾಗಿತ್ತು. "ನಲ್ವತ್ತ್ ವರ್ಷ ಒಂದ್ ಕಾಗ್ದ ತಪ್ಪಿದ ಮನಿಗೆ ಹಾಕ್ಲಿಲ್ಲೆ ನಾ. ಆ ಚೀಟಿಯವ ಯಾರ್ ಅಂತ ನಾಳೆ ಮೂರ್ ಗಂಟೆಗೆ ಎಲ್ರೆದ್ರ್ ಹೇಳ್, ಮೂರನೇ ಕಟ್ಟೆ ನಿಂದೇ ಅಂತ ಬರ್ದ್ ರುಜು ಹಾಕ್ತೆ. ಹೇಳ್ದಿರೆ ಗೋಡೆಯಲ್ಲ್ ಇದ್ದದ್ದೇ ಹೋತ್ತ್."

ಶನಿವಾರ ಬೆಳಿಗ್ಗೆ ವನಜ ಮೀನು ತರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಹಾಗಾದದ್ದು ಮಗ ಹುಟ್ಟಿದ ದಿನ, ಮಗಳು ಹುಟ್ಟಿದ ದಿನ ಮಾತ್ರ, ಅಂದೂ ಮಧ್ಯಾಹ್ನದ ಮೇಲೆ ಬಂದಿದ್ದಳು. ನಾಲ್ಕು ಹಾಳೆಗಳನ್ನು ಸೊಂಟಕ್ಕೆ ಸಿಕ್ಕಿಸಿ ಖಾಲಿ ಹೊಸ ಮಾರ್ಕೆಟ್ಟಿಗೆ ಹೋದಳು. ಯಾರೋ ಅವಳನ್ನು ಒಂದೇ ಸಲ ಮೂಲೆಗೆ ಎಸೆಯದೆ, ಮೂರು ಸಲ ಸರಿಸಿದ್ದರು. ಒಂಬತ್ತು ಸಾಲದೆ ಹೋದದ್ದು ಯಾಕೆ? ಹದಿನಾಲ್ಕು ಸಾಲದೆ ಹೋದದ್ದು ಯಾಕೆ? ಹಾಳೆಯನ್ನು ಎಷ್ಟು ದಿಟ್ಟಿಸಿದರೂ ಅದು ಹೇಳಲಿಲ್ಲ. ಕೂತು ನೋಡಬೇಕು.

ಮೂರರಲ್ಲಿ ಕೂತಳು. ಎಲ್ಲ ಕಂಡಿತು.

ಒಂಬತ್ತರಲ್ಲಿ ಕೂತಳು. ಬಸ್ ನಿಲ್ದಾಣ ಗೋಡೆಯ ಹಿಂದೆ ಹೋಯಿತು. ಇನ್ನೂರ ಹನ್ನೊಂದು ಮಂದಿಯಲ್ಲಿ ನೂರ ತೊಂಬತ್ತು ಮಂದಿ ಅಲ್ಲಿಗೇ ಕಳಚಿಕೊಂಡರು. ಬಸ್ಸಿನ ಕಳ್ಳರಿಗೆ ಒಂಬತ್ತೇ ಸಾಕಿತ್ತು.

ಹದಿನಾಲ್ಕರಲ್ಲಿ ಕೂತಳು. ಹೆದ್ದಾರಿ ಹೋಯಿತು, ಮಾಳಿಗೆಯ ಮೆಟ್ಟಿಲು ಹೋಯಿತು, ಹೋಟೆಲಿನ ಗಲ್ಲಾದಲ್ಲಿ ಕೂತ ಶೆಟ್ಟರೂ ಹೋದರು. ಕಂಬದ ಅಂಚಿನಾಚೆ ಉಳಿದದ್ದು ಒಂದು ಮೊಳ ಅಗಲದ ಜಾಗ. ಆ ಜಾಗದಲ್ಲಿ ಹೋಟೆಲಿನ ಗಾಜಿನ ಕಪಾಟು, ಕಪಾಟಿನಲ್ಲಿ ಪೇರಿಸಿಟ್ಟ ಬನ್ಸು, ಕಪಾಟಿನ ಮುಂದೆ ಒಂದು ಬೆಂಚು.

ಹದಿನೇಳರಲ್ಲಿ ಕೂತಳು. ಕಂಬ.

ಬಾಳೆಹಣ್ಣು ಸಕ್ಕರೆ ಕಲಸಿ ಕರಿದ ಬನ್ಸು ತಿನ್ನಲು ಈ ಲೋಕದಲ್ಲಿ ಯಾರಿಗೂ ವನಜಳ ಅಪ್ಪಣೆ ಬೇಕಿರಲಿಲ್ಲ. ಒಬ್ಬನಿಗೆ ಬಿಟ್ಟು. ಹನ್ನೊಂದು ನಲವತ್ತೊಂದು, ನಲವತ್ತನಾಲ್ಕು, ನಲವತ್ತಾರು. ಆ ಹೊತ್ತಿನಲ್ಲಿ ತನ್ನ ಮುಖ ಎಲ್ಲಿರುತ್ತದೆ ಎಂದು ಗಡಿಯಾರಕ್ಕಿಂತ ಚೆನ್ನಾಗಿ ತಿಳಿದಿದ್ದವನೂ ಅವನೇ.

ಹನ್ನೊಂದೂವರೆಗೆ ಗುಡ್ಡ ಕ್ಯಾರಿಯರ್ ಹಿಡಿದು ಅವಳನ್ನು ಹುಡುಕುತ್ತ ಒಳಗೆ ಬಂದ. ಹೆಂಡತಿ ಹದಿನೇಳರಲ್ಲಿ ಕೂತದ್ದು ಕಂಡು ಅವನ ಕಾಲು ನಿಧಾನವಾಯಿತು.

"ಹ್ವಾಯ್, ಬನ್ನಿ. ಕೂಕಣಿ," ಎಂದಳು ವನಜ. ಅವಳ ದನಿ ಸಣ್ಣದಾಗಿತ್ತು. ಅದು ಸಣ್ಣದಾದದ್ದನ್ನು ಗುಡ್ಡ ಮದುವೆಯಾದಂದಿನಿಂದ ಕೇಳಿರಲಿಲ್ಲ, ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಕೂತ.

"ಒಂಬತ್ತ್ ಎಂತಕೆ ಬ್ಯಾಡ ಆಯ್ತ್?"

ಗುಡ್ಡ ಕ್ಯಾರಿಯರಿನ ಕೊಂಡಿ ತೆಗೆದ, ಹಾಕಿದ. ಅರಬ್ಬೀ ಕಡಲನ್ನು ಮೂವತ್ತು ವರ್ಷ ಬೈದು ಸರಿದಾರಿಗೆ ತಂದ ತಾಂಡೇಲನಿಗೆ ಒಂದು ಸುಳ್ಳು ಹುಟ್ಟಲಿಲ್ಲ.

"ಮಂಗಳವಾರ ಸಂಜಿಗೆ ಬಂದ್ ಕೂಕಂಡ್ ಕಂಡೆ," ಎಂದ. "ಕಪಾಟ್ ಪೂರಾ ಕಾಂತಿತ್ತ್."

"ಹದಿನಾಲ್ಕ್?"

"ಬೆಂಚ್ ಕಾಂತಿತ್ತ್."

"ಚೀಟಿ ಬರ್ದದ್ದ್ ಯಾರ್? ನಿಮ್ಗೆ ಬರಿಯೂಕೆ ಬತ್ತಿಲ್ಲೆ."

"ಶೆಟ್ರ್. ಅವ್ರಿಗೆ ನಿನ್ ಬಾಯಿ ಒಳಗ್ ಹೋದ್ರೆ ಸಾಕಿತ್ತ್."

"ದಿನಾ ಹದಿನೈದ್ ನಿಮಿಷ ಸಿಗ್ತಿತ್ತಲ್ದಾ. ಅದ್ ಸಾಲ್ಲಿಲ್ಯಾ?"

ಗುಡ್ಡ ತನ್ನ ಎಡಪಾದವನ್ನು ನೋಡಿದ. ಬೆರಳಿಲ್ಲದ ಕಡೆ ಚಪ್ಪಲಿ ಸಡಿಲವಾಗಿತ್ತು. "ಅದ್ ತಿಂಬುದಲ್ಲ ಮರಾಯ್ತಿ, ನುಂಗುದ್. ಓಡ್ ಹೋಗಿ, ನಿಂತ್ಕಂಡ್ ನುಂಗಿ, ಬಾಯಿ ಒರ್ಸಿ ವಾಪಾಸ್ ಬಪ್ಪುದ್. ಒಂದಾರೂ ಕೂಕಂಡ್, ಚಹಾ ಕುಡ್ಕಂಡ್ ತಿಂಬ ಅಂತ ಆಸೆ ಆಯ್ತ್."

"ಆಸೆ," ಎಂದಳು ವನಜ. "ಅದ್ಕೆ ನಮ್ಮತ್ತೆ ಜಾಗ. ನನ್ ಸೊಸಿ ಜಾಗ."

ಅವಳಿಗೆ ಅವನ ಕುತ್ತಿಗೆ ಹಿಚುಕಬೇಕೆನಿಸಿತು, ಜೊತೆಗೆ ಆ ಪಾದವನ್ನು ಮಡಿಲಲ್ಲಿ ಇಟ್ಟುಕೊಂಡು ಗಾಯವಿದೆಯೇ ಎಂದು ನೋಡಬೇಕೆನಿಸಿತು. ಎರಡನ್ನೂ ಮಾಡಲಿಲ್ಲ. ಮೂರು ಗಂಟೆಗೆ ಎಲ್ಲರೂ ಸೇರುತ್ತಾರೆ. ಹೆಸರು ಹೇಳಿದರೆ ಕಟ್ಟೆ ಅವಳದು. ಹೇಳಿದರೆ ನಾಳೆಯಿಂದ ಗುಡ್ಡ ಮಲ್ಪೆಯಿಂದ ಗಂಗೊಳ್ಳಿಯವರೆಗೆ ತಾಂಡೇಲನಲ್ಲ, ಬನ್ಸಿನ ಗುಡ್ಡ. ಹಾಗೊಂದು ಹೆಸರು ಎಷ್ಟು ಬೇಗ ಊರೆಲ್ಲ ಹಬ್ಬುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಷ್ಟು ವರ್ಷ ಅಂಥ ಹೆಸರುಗಳನ್ನು ಹಬ್ಬಿಸಿದವಳು ಅವಳೇ.

ಮೂರು ಗಂಟೆಗೆ ಇಪ್ಪತ್ತೊಂದು ಹೆಂಗಸರೂ ಹೊಸ ಮಾರ್ಕೆಟ್ಟಿಗೆ ಬಂದರು. ನೋಡಲೆಂದೇ ಪ್ರೇಮಾನಂದ ಬಂದ, ಕೈ ಕಾಲರಿನ ಮೇಲಿತ್ತು. ರತ್ನಾಕರ ಶೆಟ್ಟರು ತಮ್ಮ ಬಾಗಿಲಿನಲ್ಲೇ ನಿಂತು, ನಿಲ್ಲದವರಂತೆ ನಿಂತರು. ಗುಡ್ಡ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ.

"ಹೇಳ್," ಎಂದ ಮಂಜಯ್ಯ. "ಚೀಟಿ ಕಳ್ಸಿದ್ದ್ ಯಾರ್?"

ವನಜ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದೊಡ್ಡ ದನಿ ತಿರುಗಿ ಬಂದಿತ್ತು.

"ನಾನೇ."

ಯಾರ ಬುಟ್ಟಿಯ ಮೀನೂ ಆಗ ಯಾರಿಗೂ ನೆನಪಾಗಲಿಲ್ಲ.

"ನೀನಾ?"

"ನಾನೇ ಕಳ್ಸಿದ್ದ್. ಮೂರ್ ಸಲ. ನೀವ್ ರುಜು ಹಾಕುವ ಮೊದ್ಲ್ ಓದ್ತ್ರ್ಯಾ ಇಲ್ಯಾ ಅಂತ ಕಾಂಬುಕೆ." ಗೋಡೆಯ ಪಟ್ಟಿಯತ್ತ ಬೆರಳು ಮಾಡಿದಳು. "ನಿನ್ನೆ ಕೇಳಿದಾಗ ಸಭೆಯಲ್ಲ್ ಹಂಗೇ ಮಾತಾಡಿದ್ದ್ ಅಂದ್ರಿ. ಹಂಗೆ ಮಾತಾಡಿದ್ಯಾ? ಇಪ್ಪತ್ತೆರಡ್ ಸಂಸಾರದ ಜಾಗ ಈ ಹಾಳಿಯಲ್ಲಿತ್ತ್. ಅಲ್ಲ ಮಂಜಯ್ಯ, ನಾಳೆ ಯಾರಾರೂ ನಿಮ್ಮನಿ ಬರ್ದ್ ತಂದ್ರೆ ಅದ್ಕೂ ಹಾಕ್ತ್ರ್ಯಾ ರುಜು?"

ಇಪ್ಪತ್ತೊಂದು ಹೆಂಗಸರು ಮಂಜಯ್ಯನ ಕಡೆ ತಿರುಗಿದರು. ಒಂಬತ್ತರವಳು ಕೇಳಿದಳು, "ಹೌದಾ, ಓದ್ದೇ ಹಾಕಿದ್ದಾ?" ಹದಿನಾಲ್ಕರವಳು ಪಟ್ಟಿಯ ಹತ್ತಿರ ಹೋಗಿ ತನ್ನ ನಂಬರನ್ನು ಬೆರಳಿನಿಂದ ಒತ್ತಿ ನೋಡಿದಳು. ಆ ಗಳಿಗೆಯಿಂದ ಅಲ್ಲಿ ಯಾರಿಗೂ ಚೀಟಿಯ ಚಿಂತೆ ಉಳಿಯಲಿಲ್ಲ.

ಮುತ್ತಕ್ಕ ಮಾತ್ರ ಕಣ್ಣು ಕಿರಿದು ಮಾಡಿ ವನಜಳನ್ನು ನೋಡಿದಳು. "ನಿಮ್ಗೆ ಬರಿಯೂಕೆ ಬತ್ತಿಲ್ಲೆ ಅಲ್ದಾ ವನಜಕ್ಕ?"

"ಬರ್ಸೂಕೆ ಬತ್ತ್," ಎಂದಳು ವನಜ, ಹೋಟೆಲಿನ ಬಾಗಿಲಿನತ್ತ ನೋಡುತ್ತ. ಬಾಗಿಲಿನಲ್ಲಿ ಯಾರೂ ಇರಲಿಲ್ಲ.

ಪೂಜಿತಾ ಸೋಮವಾರದ ಪ್ರತಿಯನ್ನೇ ತೆರೆದು ಹೊಸದಾಗಿ ಪ್ರಿಂಟು ತೆಗೆದಳು. ಉಳಿದ ಮೂರನ್ನು ಪ್ರೇಮಾನಂದ ಒಳಗಿನಿಂದ ಅಳಿಸಿದ. ಫೈಲು ಬಡಕಲಾಗಿ ಫ್ಲಾಪಿಯಲ್ಲಿ ಕೂತಿತು. ಮಂಜಯ್ಯನಿಗೆ ರುಜು ಹಾಕಲು ಅಷ್ಟು ಸುಲಭಕ್ಕೆ ಬಿಡಲಿಲ್ಲ. ಒಂದರಿಂದ ಇಪ್ಪತ್ತೆರಡರವರೆಗೆ ಗಟ್ಟಿಯಾಗಿ ಓದಿಸಿದರು. ನಡುವೆ ಅವನು ಕೆಮ್ಮಿದ್ದಕ್ಕೆ ಮತ್ತೆ ಒಂದರಿಂದ ಓದಿಸಿದರು. ಮೂರು ಬಂದಾಗ ಅವನು "ವನಜ" ಎಂದ, ಎರಡೂ ಸಲ.

ನಾಲ್ಕಕ್ಕೆ ಐದು ನಿಮಿಷವಿತ್ತು. ಮಂಜಯ್ಯ ಲಕೋಟೆ ಹಿಡಿದು ಪಂಚಾಯತಿಯ ಕಡೆ ಹೊರಟ. ವನಜ ಅವನ ಬಲಕ್ಕೆ ಸೇರಿದಳು.

"ನೀ ಬಪ್ಪುದ್ ಎಂತಕೆ? ನಾ ಕೊಡ್ತೆ ಅಲ್ದಾ," ಎಂದ ಅವನು.

"ಕೊಡಿ, ಕೊಡಿ. ನಾ ಕಾಂತೆ ಅಷ್ಟೇ," ಎಂದು ಅವಳು ಲಕೋಟೆಯ ಇನ್ನೊಂದು ಮೂಲೆ ಹಿಡಿದುಕೊಂಡಳು.

ಹೆದ್ದಾರಿಯ ಬದಿಯಲ್ಲಿ ಇಬ್ಬರೂ ಒಂದೇ ಲಕೋಟೆಯನ್ನು ಹಿಡಿದು, ಅದರಲ್ಲಿ ದೇವರನ್ನು ಹೊತ್ತವರಷ್ಟು ಜೋಪಾನವಾಗಿ ನಡೆದರು. ಹತ್ತು ಹೆಜ್ಜೆ ಹಿಂದೆ ಗುಡ್ಡ ಬರುತ್ತಿದ್ದ. ಅವಳು ತಿರುಗಿ ನೋಡದೆಯೇ ಕೇಳಿದಳು:

"ಇವತ್ತ್ ಎಷ್ಟ್ ತಿಂದ್ರಿ?"

"ಒಂದೂ ಇಲ್ಲೆ ಮರಾಯ್ತಿ. ಸತ್ಯ."

ವನಜ ನಿಂತಳು. ಅವಳು ನಿಂತದ್ದರಿಂದ ಲಕೋಟೆ ನಿಂತಿತು, ಲಕೋಟೆ ನಿಂತದ್ದರಿಂದ ಮಂಜಯ್ಯನೂ ನಿಂತ.

"ಹಂಗಾರೆ ಬಾಯಿ ತೆಗಿನಿ, ಕಾಂಬ," ಎಂದಳು.